ಬಯೋಡೇಟಾದಲ್ಲಿ ಇಲ್ಲದ ಲೇತ್

ನನ್ನ ಮೊದಲ ಬಯೋಡೇಟಾದಲ್ಲಿ ಅಪ್ಪನ ಹೆಸರು ಎರಡು ಕಡೆ ಇತ್ತು. ಜಾತಿ ಇತ್ತು, ಧರ್ಮ ಇತ್ತು, ರಕ್ತದ ಗುಂಪು ಇತ್ತು. ಪೊಲೀಸ್ ಕೆಲಸಕ್ಕೇನೂ ಹೊರಟಿರದಿದ್ದರೂ ಎತ್ತರ, ತೂಕ ಕೂಡ ಇದ್ದವು. ಕೊನೆಯಲ್ಲಿ, ಮೇಲೆ ಹೇಳಿದ್ದೆಲ್ಲ ನನಗೆ ತಿಳಿದಮಟ್ಟಿಗೆ ಸತ್ಯ ಎಂದು ಪ್ರಮಾಣ ಮಾಡುವ ನಾಲ್ಕು ಸಾಲು, ಸ್ಥಳ, ದಿನಾಂಕ, ಸಹಿ. ಆ ಎರಡು ಪುಟಗಳನ್ನು ಎಷ್ಟು ತಿರುವಿ ಹಾಕಿದರೂ ನನಗೆ ಲೇತ್ ಓಡಿಸಲು ಬರುತ್ತದೆ ಎಂಬುದು ಮಾತ್ರ ಯಾರಿಗೂ ತಿಳಿಯುವಂತಿರಲಿಲ್ಲ. ಅಂಕಗಳ ಪಟ್ಟಿಯ ಕೊನೆಯ ಸಾಲಿನಲ್ಲಿ ‘ಐಟಿಐ, ಟರ್ನರ್, 2011’ ಎಂದಿತ್ತು, ಅಷ್ಟೆ.

ಇಂಥ ಬಯೋಡೇಟಾ ಬರೆಯುವುದನ್ನು ಎಲ್ಲಿಂದ ಕಲಿತೆ ಎಂದು ಈಗ ಯೋಚಿಸಿದರೆ ನೆನಪಿಗೆ ಬರುವುದು ಉದ್ಯೋಗ ವಿನಿಮಯ ಕಚೇರಿ. ನಮ್ಮೂರು ತಮಿಳುನಾಡಿನ ಗಡಿಯಲ್ಲಿ, ಡೆಂಕಣಿಕೋಟೆಯಿಂದ ತಳಿಯ ಕಡೆಗೆ. ನಮ್ಮಲ್ಲಿ ಎಸ್ಸೆಸ್ಸೆಲ್ಸಿ ಪಾಸಾದ ಕೂಡಲೇ ಮಾಡಬೇಕಾದ ಮೊದಲ ಕೆಲಸವೆಂದರೆ ಜಿಲ್ಲಾ ಉದ್ಯೋಗ ಕಚೇರಿಯಲ್ಲಿ ಹೆಸರು ಬರೆಸುವುದು. ಮೂರು ವರ್ಷಕ್ಕೊಮ್ಮೆ ನವೀಕರಿಸದಿದ್ದರೆ ಸೀನಿಯಾರಿಟಿ ಹೋಗುತ್ತದೆ ಎಂಬ ಭಯ ಮನೆಮನೆಯಲ್ಲೂ ಇತ್ತು. ತಲೆ ನರೆತ ಮೇಲೂ ಆ ಕಾರ್ಡನ್ನು ದೇವರ ಪಟದ ಹಿಂದೆ ಜೋಪಾನವಾಗಿಟ್ಟುಕೊಂಡವರನ್ನು ನಾನು ಕಂಡಿದ್ದೇನೆ. ಅಲ್ಲಿ ನಾವು ತುಂಬುವ ಕಾಲಂಗಳನ್ನು ಯಾರೂ ಓದಿ ಮೆಚ್ಚಬೇಕಾಗಿಲ್ಲ. ಹೆಸರು, ತಂದೆ, ಜಾತಿ, ಹುಟ್ಟಿದ ದಿನ, ಅಂಕ ಬರೆದರೆ ಮುಗಿಯಿತು, ಉಳಿದದ್ದನ್ನು ಸರದಿ ನೋಡಿಕೊಳ್ಳುತ್ತದೆ. ಸರ್ಕಾರಿ ಕೆಲಸಕ್ಕೆ ಅದು ಸರಿಯೇ: ಮೀಸಲಾತಿಗೆ ಜಾತಿ ಬೇಕು, ವಯೋಮಿತಿಗೆ ಹುಟ್ಟಿದ ದಿನ ಬೇಕು. ನಾನು ಅದೇ ಕಾಲಂಗಳನ್ನು ಹೊತ್ತು ಹೊಸೂರಿನ ಸಿಪ್‌ಕಾಟ್ ಕೈಗಾರಿಕಾ ಪ್ರದೇಶದ ಗೇಟುಗಳ ಮುಂದೆ ನಿಂತೆ. ಅಲ್ಲಿ ಸರದಿ ಇಲ್ಲ. ಒಳಗೆ ಒಬ್ಬ ಮನುಷ್ಯ ಕೂತಿರುತ್ತಾನೆ. ಅವನ ಶಾಪಿನಲ್ಲಿ ಒಂದು ಮಿಷನ್ ಆಪರೇಟರ್ ಇಲ್ಲದೆ ನಿಂತಿರುತ್ತದೆ. ನಾಳೆ ಬೆಳಗಿನ ಶಿಫ್ಟಿಗೆ ಅದರ ಮುಂದೆ ಯಾರನ್ನು ನಿಲ್ಲಿಸಲಿ ಎಂಬುದು ಅವನ ಚಿಂತೆ. ಆ ಚಿಂತೆಗೆ ನನ್ನ ರಕ್ತದ ಗುಂಪು ಯಾವ ಸಹಾಯವನ್ನೂ ಮಾಡಲಿಲ್ಲ.

ಮನೆಯಲ್ಲಿ ಹೇಳಿಕೊಡುವವರು ಇರಲಿಲ್ಲ ಅಂತಲ್ಲ. ಸೋದರಮಾವ ಇದ್ದರು, ಆದರೆ ಅವರ ಕಾಲವೇ ಬೇರೆ. 1970ರ ದಶಕದಲ್ಲಿ ಹೊಸೂರಿನ ಬಯಲಿಗೆ ಸಿಪ್‌ಕಾಟ್ ಬಂತು. 1980ರಲ್ಲಿ ಅಶೋಕ್ ಲೇಲ್ಯಾಂಡ್ ಲಾರಿ ಕಾರ್ಖಾನೆ ಶುರುವಾಯಿತು, ಅದೇ ವರ್ಷ ಟಿವಿಎಸ್ ಮೊಪೆಡ್ಡೂ ಇಲ್ಲಿಂದಲೇ ರಸ್ತೆಗಿಳಿಯಿತು. ಆಮೇಲೆ ಟೈಟಾನ್ ಗಡಿಯಾರ ಬಂತು. ಟೈಟಾನಿನವರು ಸುತ್ತಲಿನ ಹಳ್ಳಿಗಳ ಹದಿನೆಂಟರ ಆಸುಪಾಸಿನ ಹುಡುಗ ಹುಡುಗಿಯರನ್ನು ಆರಿಸಿ, ಗಡಿಯಾರ ಜೋಡಿಸುವುದನ್ನು ಮೊದಲಿನಿಂದ ಕಲಿಸಿದ್ದು ಈ ಕಡೆ ಎಲ್ಲರಿಗೂ ಗೊತ್ತಿರುವ ಕಥೆ. ಕಲಿತವರು ಊರಲ್ಲೇ ಇರದಿದ್ದಾಗ ಅನುಭವ ಕೇಳುವುದಾದರೂ ಯಾರನ್ನು? ಹಾಗಾಗಿ ಮಾವನ ಪೀಳಿಗೆಗೆ ಬಯೋಡೇಟಾ ಬೇಕಾಗಲೇ ಇಲ್ಲ. “ನಾವೇನು ಬಯೋಡೇಟಾ ಕೊಟ್ವಾ? ಮಾರ್ಕ್ಸ್ ಕಾರ್ಡ್ ನೋಡಿದ್ರು, ಪರೀಕ್ಷೆ ಇಟ್ರು, ಬಾ ಅಂದ್ರು, ಓದ್ವಿ” ಎನ್ನುತ್ತಿದ್ದರು. ನಮ್ಮ ಕಡೆ ‘ಹೋದ್ವಿ’ ಎನ್ನುವುದು ಹಾಗೆಯೇ. ನಾನು ಗೇಟಿಗೆ ಬರುವ ಹೊತ್ತಿಗೆ ಕಲಿತವರೂ ಅನುಭವಸ್ಥರೂ ಒಂದೊಂದು ಬೀದಿಯಲ್ಲೂ ಇದ್ದರು. ಮಾವನ ಮಾತು ನಂಬಿ ಮಾರ್ಕ್ಸ್ ಕಾರ್ಡುಗಳನ್ನೇ ಮುಂದಿಟ್ಟುಕೊಂಡು ಕೂತವನು ನಾನು.

ಬಯೋಡೇಟಾ ತಯಾರಾದದ್ದು ಬಸ್ ನಿಲ್ದಾಣದ ಹತ್ತಿರದ ಒಂದು ಡಿಟಿಪಿ ಅಂಗಡಿಯಲ್ಲಿ. ಅಲ್ಲಿ ಬ್ರೌಸಿಂಗ್, ಜೆರಾಕ್ಸ್, ಲ್ಯಾಮಿನೇಷನ್, ಬಯೋಡೇಟಾ ಎಲ್ಲವೂ ಒಂದೇ ಮೇಜಿನ ಮೇಲೆ ಆಗುತ್ತಿದ್ದವು. ಅಂಗಡಿಯವರ ಬಳಿ ಒಂದು ಸಿದ್ಧ ಫೈಲು ಇತ್ತು. ಹಿಂದಿನ ಹುಡುಗನ ಹೆಸರು ಅಳಿಸಿ ನನ್ನದನ್ನು ಹಾಕಿದರು. ಸವಾಲಿನ ವಾತಾವರಣದಲ್ಲಿ ದುಡಿದು ಸಂಸ್ಥೆಯ ಜೊತೆ ನಾನೂ ಬೆಳೆಯುವುದೇ ನನ್ನ ಗುರಿ ಎಂದು ಇಂಗ್ಲಿಷಿನಲ್ಲಿ ಮೊದಲ ಸಾಲು ಹೇಳುತ್ತಿತ್ತು. ನನಗೆ ಅದರ ಅರ್ಥ ಪೂರ್ತಿ ಗೊತ್ತಿರಲಿಲ್ಲ, ಆದರೂ ನೋಡಲು ಗಂಭೀರವಾಗಿತ್ತು. ನಾನು ಶ್ರಮಜೀವಿ, ಪ್ರಾಮಾಣಿಕ, ಎಲ್ಲರೊಡನೆ ಬೆರೆಯುವವನು ಎಂದೂ ಇತ್ತು. ಹವ್ಯಾಸಗಳ ಸಾಲಿನಲ್ಲಿ ಚೆಸ್ ಇತ್ತು. ಚೆಸ್ ಬೋರ್ಡನ್ನು ನಾನು ಅಂಗಡಿಯ ಗಾಜಿನ ಹಿಂದೆ ಬಿಟ್ಟರೆ ಮತ್ತೆಲ್ಲೂ ನೋಡಿದವನಲ್ಲ. ಆಮೇಲೊಮ್ಮೆ ಗೇಟಿನ ಬಳಿ ಸಿಕ್ಕ ಬಾಗಲೂರಿನ ಹುಡುಗನೊಬ್ಬನ ಬಯೋಡೇಟಾ ನೋಡಿದೆ. ಅದೇ ಗುರಿ, ಅದೇ ಪ್ರಾಮಾಣಿಕತೆ, ಅದೇ ಚೆಸ್.

ಅಂಗಡಿಯವರನ್ನು ಬೈಯುವುದು ಸುಲಭ. ಆದರೆ ಆ ಕಾಗದದಲ್ಲಿ ಬಚ್ಚಿಟ್ಟದ್ದೆಲ್ಲ ನನ್ನದೇ ಬುದ್ಧಿ.

ಮೊದಲು ಬಚ್ಚಿಟ್ಟದ್ದು ಶೆಡ್ಡನ್ನು. ಐಟಿಐಗೆ ಸೇರುವ ಮೊದಲೇ, ಆಮೇಲೆ ರಜೆಗಳಲ್ಲೂ, ನಾನು ಬಾಗಲೂರು ರಸ್ತೆಯ ಕಡೆಯ ಒಂದು ಸಣ್ಣ ಲೇತ್ ಶೆಡ್ಡಿನಲ್ಲಿ ಕೆಲಸ ಮಾಡುತ್ತಿದ್ದೆ. ಸಂಬಂಧಿಕರೇ ನಡೆಸುತ್ತಿದ್ದ ಜಾಗ. ತಗಡಿನ ಮಾಡು, ಹಳೆಯ ಬೆಲ್ಟ್ ಲೇತ್, ಒಂದು ಬೆಂಚ್ ಗ್ರೈಂಡರ್. ಬೋರ್‌ವೆಲ್ ಪಂಪಿನ ಶಾಫ್ಟ್, ಟ್ರ್ಯಾಕ್ಟರಿನ ಬುಷ್, ಪಿನ್, ಯಾರದೋ ರಾಗಿ ಮಿಷನ್ನಿನ ಪುಲ್ಲಿ ಹೀಗೆ ಬಂದದ್ದನ್ನೆಲ್ಲ ತಿರುವಿ ಕೊಡುತ್ತಿದ್ದೆವು. ನಾಲ್ಕು ದವಡೆಯ ಚಕ್ಕಿನಲ್ಲಿ ಜಾಬ್ ಕೂರಿಸಿ ಡಯಲ್ ಇಟ್ಟು ಸೆಂಟರ್ ಮಾಡುವುದು, ಟೂಲ್ ಬಿಟ್ಟನ್ನು ಕೈಯಲ್ಲೇ ಹಿಡಿದು ಸಾಣೆ ಕೊಡುವುದು, ಹಿತ್ತಾಳೆಗೂ ಬೀಡುಕಬ್ಬಿಣಕ್ಕೂ ಅದರ ಕೋನ ಬದಲಿಸುವುದು, ಥ್ರೆಡ್ ಕತ್ತರಿಸುವಾಗ ಗೇರ್ ಲೆಕ್ಕ ಹಾಕುವುದು, ಇದೆಲ್ಲ ನನಗೆ ಐಟಿಐ ಮೇಷ್ಟ್ರು ಬೋರ್ಡಿನ ಮೇಲೆ ಬರೆಯುವುದಕ್ಕೆ ಮೊದಲೇ ಕೈಗೆ ಬಂದಿತ್ತು. ಆದರೆ ಆ ಶೆಡ್ಡಿಗೆ ಬೋರ್ಡ್ ಇರಲಿಲ್ಲ, ಲೆಟರ್‌ಹೆಡ್ ಇರಲಿಲ್ಲ, ಸಂಬಳದ ಚೀಟಿ ಇರಲಿಲ್ಲ. ಪ್ರಮಾಣಪತ್ರ ಇಲ್ಲದ್ದನ್ನು ಬರೆಯುವುದು ಹೇಗೆ? ಬರೆದರೆ ಶೆಡ್ಡಿನ ಹುಡುಗ ಎಂದು ಕಡೆಗಣಿಸಿದರೆ? ಬಿಟ್ಟುಬಿಟ್ಟೆ.

ಎರಡನೆಯದು ಭಾಷೆ. ಹತ್ತನೆಯವರೆಗೆ ನಾನು ಓದಿದ್ದು ಕನ್ನಡ ಮಾಧ್ಯಮದಲ್ಲಿ. ತಮಿಳುನಾಡಿನ 2006ರ ತಮಿಳು ಕಲಿಕೆ ಕಾಯ್ದೆ ಒಂದೊಂದೇ ತರಗತಿ ಏರಿ ಹತ್ತನೆಯದನ್ನು ಮುಟ್ಟುವ ಹೊತ್ತಿಗೆ ನಾನು ಶಾಲೆ ಬಿಟ್ಟಾಗಿತ್ತು. ತಮಿಳನ್ನು ಕಲಿತದ್ದು ಬಸ್ಸಿನಲ್ಲಿ, ಸಂತೆಯಲ್ಲಿ, ಐಟಿಐಯ ಕಟ್ಟೆಯಲ್ಲಿ. ತೆಲುಗು ಪಕ್ಕದ ಮನೆಯದು. ಹಿಂದಿ ಸಿನಿಮಾದ್ದು, ಆಮೇಲೆ ಶೆಡ್ಡಿಗೆ ಬಂದ ಬಿಹಾರದ ವೆಲ್ಡರನದು. ತಮಿಳುನಾಡಿನಲ್ಲಿ ಕೆಲಸ ಕೇಳುವಾಗ ಕನ್ನಡ ಎಂದು ಬರೆದರೆ ಹೊರಗಿನವನೆಂದುಕೊಂಡಾರು ಎಂದು ನನಗೆ ನಾನೇ ಕಲ್ಪಿಸಿಕೊಂಡು, ‘ತಮಿಳು, ಇಂಗ್ಲಿಷ್’ ಎಂದು ಬರೆಸಿದೆ. ಓದಲು ತಡವರಿಸುವ ಒಂದು ಭಾಷೆ, ಮಾತಾಡಲು ತಡವರಿಸುವ ಇನ್ನೊಂದು. ನೀರು ಕುಡಿದಷ್ಟು ಸಲೀಸಾಗಿ ಬರುವ ಎರಡನ್ನು ಬಿಟ್ಟೆ.

ಬಚ್ಚಿಟ್ಟದ್ದು ಸಾಲದೆಂದು ಒಂದನ್ನು ಸೇರಿಸಿದೆ. ಅಂಗಡಿಯವರು ಟೈಪು ಮಾಡುತ್ತಲೇ, “ತಂಬಿ, ಸಿಎನ್‌ಸಿ ತೆರಿಯುಮಾ? ಪೋಟ್ಟುಡು, ಇಲ್ಲಾಟ್ಟಿ ಕೂಪ್ಪಿಡ ಮಾಟ್ಟಾಂಗ” ಎಂದರು. ಗೊತ್ತಿಲ್ಲದಿದ್ದರೂ ಹಾಕಿಬಿಡು, ಇಲ್ಲದಿದ್ದರೆ ಯಾರೂ ಕರೆಯುವುದಿಲ್ಲ ಎಂಬ ಕಾಳಜಿಯ ಮಾತದು. ಕಂಪ್ಯೂಟರಿನ ಆಜ್ಞೆಯಂತೆ ಓಡುವ ಈ ಸಿಎನ್‌ಸಿ ಮಿಷನ್ನನ್ನು ನಾನು ಐಟಿಐಯಲ್ಲಿ ಇತರರ ಭುಜದ ಮೇಲಿಂದ ಇಣುಕಿ ನೋಡಿದ್ದೆ. ‘ಸಿಎನ್‌ಸಿ ಪ್ರೋಗ್ರಾಮಿಂಗ್ ಬಲ್ಲೆ’ ಎಂದು ಬರೆಯಿತು ಕಾಗದ.

ಅಂಗಡಿಯವರ ಮಾತು ಸುಳ್ಳಾಗಲಿಲ್ಲ, ಕರೆದರು. ಒಂದು ಮಧ್ಯಮ ಗಾತ್ರದ ಬಿಡಿಭಾಗದ ಕಾರ್ಖಾನೆ. ಎದುರಿಗೆ ಕೂತಿದ್ದ ಎಂಜಿನಿಯರು ನನ್ನ ಬಯೋಡೇಟಾವನ್ನೇ ತಿರುಗಿಸಿ, ಅದರ ಬೆನ್ನ ಮೇಲೆ ಒಂದು ಜಾಬಿನ ಚಿತ್ರ ಬರೆದು, ಮೂಲೆಯ ದುಂಡಿಗೆ ಪೆನ್ನು ಇಟ್ಟು, “ಇಲ್ಲಿ ಜಿ 02ನಾ, ಜಿ 03ನಾ?” ಎಂದರು. ಸಿಎನ್‌ಸಿ ಪ್ರೋಗ್ರಾಮಿನಲ್ಲಿ ಗಡಿಯಾರದ ಮುಳ್ಳು ಸುತ್ತುವ ದಿಕ್ಕಿನ ಕಮಾನಿಗೆ ಜಿ 02, ಅದರ ವಿರುದ್ಧ ದಿಕ್ಕಿಗೆ ಜಿ 03. ಟೂಲ್ ಹಿಡಿಯುವ ಟರೆಟ್ ಮುಂದಿದೆಯೋ ಹಿಂದಿದೆಯೋ ಎಂಬುದರ ಮೇಲೆ ಕಣ್ಣಿಗೆ ಕಾಣುವ ದಿಕ್ಕು ತಿರುಗುಮುರುಗಾಗುವುದರಿಂದ ಪಳಗಿದವರೂ ಒಂದು ಕ್ಷಣ ತಡೆದು ಹೇಳುವ ಪ್ರಶ್ನೆ ಅದು. ಇಷ್ಟೆಲ್ಲ ನನಗೆ ಈಗ ಗೊತ್ತು. ಆವತ್ತು ಜಿ ಎಂದರೇನು ಎಂಬುದೇ ಗೊತ್ತಿರಲಿಲ್ಲ. ಎರಡರಲ್ಲೊಂದು ಸರಿ ಇರಲೇಬೇಕಲ್ಲ ಎಂದು ಒಂದನ್ನು ಹೇಳಿದೆ.

“ಯಾಕೆ?” ಎಂದರು. ನಾನು ಸುಮ್ಮನಿದ್ದೆ.

ಅವರು ಮೇಜಿನ ಮೇಲಿದ್ದ ವರ್ನಿಯರ್ ಮತ್ತು ಒಂದು ಬುಷ್ ಕೊಟ್ಟರು. ಲೀಸ್ಟ್ ಕೌಂಟ್ ಕೇಳಿದರು. 0.02 ಮಿಲಿಮೀಟರ್ ಎಂದೆ. ಮೈಕ್ರೋಮೀಟರಿಗೆ? 0.01. ಬುಷ್ಷಿನ ಒಳ ವ್ಯಾಸ ಅಳೆಯಲು ಹೇಳಿದರು. ಅಳೆದೆ, ಬುಷ್ಷನ್ನು ಸ್ವಲ್ಪ ತಿರುಗಿಸಿ ಇನ್ನೊಂದು ಕಡೆಯೂ ಅಳೆದೆ, ಎರಡಕ್ಕೂ ಇದ್ದ ವ್ಯತ್ಯಾಸ ಹೇಳಿದೆ. ಹಾಗೆ ತಿರುಗಿಸಿ ಅಳೆಯುವುದು ಶೆಡ್ಡಿನ ಅಭ್ಯಾಸ. ಹಳೆಯ ಲೇತಿನಲ್ಲಿ ಬೋರು ಯಾವತ್ತೂ ಪೂರ್ತಿ ದುಂಡಾಗಿ ಬರುತ್ತಿರಲಿಲ್ಲ.

ಅವರು ಮೊದಲ ಬಾರಿಗೆ ನನ್ನ ಮುಖ ನೋಡಿದರು. ಕನ್ನಡದಲ್ಲೇ ಕೇಳಿದರು: “ಇದನ್ನ ಎಲ್ಲಿ ಕಲಿತೆ?”

ಶೆಡ್ ಎಂದು ಹೇಳಬಹುದಿತ್ತು. ಆದರೆ ಶೆಡ್ ಕಾಗದದಲ್ಲಿರಲಿಲ್ಲ. ಯಾಕೆ ಬರೆದಿಲ್ಲ ಎಂದು ಕೇಳಿದರೆ ಏನು ಹೇಳಲಿ? “ಐಟಿಐನಲ್ಲಿ ಸಾರ್” ಎಂದೆ.

“ಐಟಿಐನಲ್ಲಿ ಇದನ್ನ ಕಲಿಸಲ್ಲ. ಈ ಬಯೋಡೇಟಾ ಯಾರು ಬರೆದಿದ್ದು?”

“ನಾನೇ ಸಾರ್.”

“ಮೂರಾಯ್ತು,” ಎಂದು ಕಾಗದ ವಾಪಸು ಕೊಟ್ಟರು. ಸುಳ್ಳಿನ ಲೆಕ್ಕ ಹೇಳಿದರೆಂದು ಬಸ್ಸಿನಲ್ಲಿ ಕೂತ ಮೇಲೆ ಹೊಳೆಯಿತು. ಹಿಂಬದಿಯಲ್ಲಿ ಅವರು ಬರೆದ ಚಿತ್ರ ಇದ್ದದ್ದರಿಂದ ಆ ಪ್ರತಿಯನ್ನು ಬೇರೆಲ್ಲೂ ಕೊಡುವ ಹಾಗೂ ಇರಲಿಲ್ಲ.

ಕೆಲಸಕ್ಕೆ ಅರ್ಜಿ ಬರೆಯುವ ವಿಷಯ ಬಂದರೆ ಲಿಯೊನಾರ್ಡೊ ಡಾ ವಿಂಚಿಯ ಹೆಸರು ಬಂದೇ ಬರುತ್ತದೆ. 1482ರ ಸುಮಾರಿಗೆ, ಮೂವತ್ತರ ಆಸುಪಾಸಿನಲ್ಲಿ, ಮಿಲಾನಿನ ಒಡೆಯ ಲುಡೊವಿಕೊ ಸ್ಫೋರ್ಜಾನಿಗೆ ಅವನು ಬರೆಸಿದ ಪತ್ರದ ಕರಡು ಉಳಿದಿದೆ. ಹಗುರವಾದ ಸೇತುವೆ ಕಟ್ಟಬಲ್ಲೆ, ಕೋಟೆಯ ಕಂದಕದ ನೀರು ಬಸಿಯಬಲ್ಲೆ, ಸಾಗಿಸಲು ಸುಲಭವಾದ ಫಿರಂಗಿ ಮಾಡಬಲ್ಲೆ ಎಂದು ಒಂದರ ಕೆಳಗೊಂದು ಬರೆದು, ಕಟ್ಟಕಡೆಗೆ ಚಿತ್ರವನ್ನೂ ಬರೆಯಬಲ್ಲೆ ಎಂದು ಸೇರಿಸಿದ. ಯುದ್ಧದ ಯೋಚನೆಯಲ್ಲಿದ್ದ ದೊರೆಗೆ ಏನು ಬೇಕು ಎಂಬುದರಿಂದ ಅವನ ಪತ್ರ ಶುರುವಾಗುತ್ತದೆ. ಆ ಪಟ್ಟಿಯಲ್ಲಿ ಎಷ್ಟನ್ನು ಅವನು ಅದುವರೆಗೆ ಮಾಡಿದ್ದ ಎಂಬುದು ಬೇರೆ ಮಾತು. ಅವನಿಗೆ ಜಿ ಕೋಡ್ ಯಾರೂ ಕೇಳಲಿಲ್ಲ, ಕೇಳಿದ್ದರೂ ಅವನು ಲಿಯೊನಾರ್ಡೊ.

ಆ ಇಂಟರ್‌ವ್ಯೂ ಆದ ಮೇಲೆ ನಾನು ಬಯೋಡೇಟಾವನ್ನು ಹೊಸದಾಗಿ ಬರೆದದ್ದು ಕನ್ನಡದಲ್ಲಿ, ನೋಟ್‌ಪುಸ್ತಕದ ಹಾಳೆಯ ಮೇಲೆ. ಶೆಡ್ಡಿನಲ್ಲಿ ಬೆಳಗ್ಗೆ ಬೀಗ ತೆಗೆದಾಗಿನಿಂದ ಸಂಜೆ ಚಿಪ್ಸು ಗುಡಿಸುವವರೆಗೆ ಏನೇನು ಮಾಡುತ್ತಿದ್ದೆ ಎಂದು ಬರೆಯುತ್ತಾ ಹೋದೆ. ಯಾವ ಲೇತು, ಬೆಡ್ಡು ಎಷ್ಟು ಅಡಿ, ಎಂಥ ಲೋಹ, ಎಂಥ ಜಾಬು, ಎಷ್ಟರ ಹೆಚ್ಚುಕಡಿಮೆಯಲ್ಲಿ ಕೊಡುತ್ತಿದ್ದೆವು, ಯಾವುದರಿಂದ ಅಳೆಯುತ್ತಿದ್ದೆ. ಬರೆದು ಮುಗಿಸಿದಾಗ ನನಗೇ ಆಶ್ಚರ್ಯ: ಶ್ರಮಜೀವಿ, ಪ್ರಾಮಾಣಿಕ ಎಂಬ ಪದಗಳಿಗೆ ಅದರಲ್ಲಿ ಜಾಗವೇ ಬೇಕಾಗಿರಲಿಲ್ಲ. ದಿನಕ್ಕೆ ಇಷ್ಟು ಬುಷ್ ತಿರುವುತ್ತಿದ್ದೆ ಎಂದು ಬರೆದ ಮೇಲೆ ಶ್ರಮದ ವಿಷಯ ಬೇರೆ ಹೇಳುವುದೇನಿದೆ? ಊರಿನ ಶಾಲೆಯ ಇಂಗ್ಲಿಷ್ ಮೇಷ್ಟ್ರು ಅದನ್ನು ಸಣ್ಣ ಸಣ್ಣ ಇಂಗ್ಲಿಷ್ ವಾಕ್ಯಗಳಲ್ಲಿ ಬರೆದುಕೊಟ್ಟರು. ಮಾಡಿದ ಕೆಲಸ ಮೇಲೆ ಬಂತು, ಓದು ಕೆಳಗೆ ಹೋಯಿತು. ಶೆಡ್ಡಿಗೆ ಹೆಸರಿರಲಿಲ್ಲವಾದ್ದರಿಂದ ‘ಸಂಬಂಧಿಕರ ಲೇತ್ ಶೆಡ್, ಬಾಗಲೂರು ರಸ್ತೆ’ ಎಂದೇ ಬರೆದೆವು, ನೋಡಬೇಕೆನ್ನುವವರಿಗೆ ಫೋನ್ ನಂಬರ್ ಸಹಿತ. ಸಿಎನ್‌ಸಿ ವಿಷಯದಲ್ಲಿ ‘ಪರಿಚಯವಿದೆ, ಓಡಿಸಿಲ್ಲ, ಕಲಿಯಬೇಕೆಂದಿದ್ದೇನೆ’ ಎಂದಾಯಿತು. ಭಾಷೆಯ ಸಾಲು ಉದ್ದವಾಯಿತು: ಕನ್ನಡ ಓದು ಬರಹ ಮಾತು, ತೆಲುಗು ತಮಿಳು ಹಿಂದಿ ಮಾತು, ಇಂಗ್ಲಿಷ್ ಡ್ರಾಯಿಂಗ್ ಓದುವಷ್ಟು. ಎಲ್ಲ ಸೇರಿ ಒಂದೇ ಪುಟ.

ಆ ಭಾಷೆಯ ಸಾಲೇ ನನಗೆ ಕೆಲಸ ಕೊಡಿಸಿತು ಎಂದು ಆಮೇಲೆ ಗೊತ್ತಾಯಿತು. ನನ್ನನ್ನು ತೆಗೆದುಕೊಂಡ ಶಾಪಿನಲ್ಲಿ ಹಳೆಯ ಆಪರೇಟರುಗಳಲ್ಲಿ ಅರ್ಧಕ್ಕರ್ಧ ತೆಲುಗಿನವರು, ಹೊಸಬರು ಒಡಿಶಾ ಬಿಹಾರದವರು, ಸೂಪರ್‌ವೈಸರು ಸೇಲಂ ಕಡೆಯವರು, ಹೀಟ್ ಟ್ರೀಟ್‌ಮೆಂಟಿಗೆ ಮಾಲು ಹೋಗುತ್ತಿದ್ದುದು ಬೊಮ್ಮಸಂದ್ರಕ್ಕೆ. ಅಲ್ಲಿ ಕನ್ನಡದಲ್ಲಿ ಗದರಿಸಿ ಮಾಲು ಬಿಡಿಸಿಕೊಂಡು ಬರುವವನೊಬ್ಬ ಬೇಕಾಗಿದ್ದ. ಹೊಸೂರು, ಡೆಂಕಣಿಕೋಟೆಯ ಹುಡುಗರು ಇದನ್ನು ಒಂದು ವಿದ್ಯೆ ಎಂದು ಎಣಿಸುವುದೇ ಇಲ್ಲ. ಹುಟ್ಟಿದ ಊರಿನ ಹವೆಯೊಂದಿಗೆ ಬಂದದ್ದಕ್ಕೆ ಬೆಲೆ ಏನು ಎಂದುಕೊಳ್ಳುತ್ತೇವೆ.

ವಿಳಾಸದ್ದೂ ಇಂಥದೇ ಕಥೆ. ಗಡಿ ದಾಟಿ ಕೆಲಸ ಹುಡುಕುವವರಿಗೆ ‘ಕೃಷ್ಣಗಿರಿ ಜಿಲ್ಲೆ, ತಮಿಳುನಾಡು’ ಎಂಬ ಸಾಲು ತೊಡಕು. ಬೆಂಗಳೂರಿನಲ್ಲಿ ಕೂತು ಓದುವವರಿಗೆ ಅದು ಯಾವುದೋ ದೂರದ ಊರು. ಹೊಸೂರಿನಿಂದ ಎಲೆಕ್ಟ್ರಾನಿಕ್ ಸಿಟಿಗೆ ಬರುವುದು ಯಲಹಂಕದಿಂದ ಬರುವುದಕ್ಕಿಂತ ಹತ್ತಿರ ಎಂದು ಅವರಿಗೆ ಯಾರು ಹೇಳಬೇಕು? ನಾವೇ, ವಿಳಾಸದ ಪಕ್ಕದಲ್ಲಿ, ಅತ್ತಿಬೆಲೆಯಿಂದ ಇಷ್ಟು ಕಿಲೋಮೀಟರ್, ಓಡಾಡಲು ತಯಾರಿದ್ದೇನೆ ಎಂದು. ಪೂರ್ತಿ ಮನೆ ನಂಬರು, ಅಂಚೆ, ಫಿರ್ಕಾ ಎಲ್ಲ ಬೇಕಾಗಿಲ್ಲ. ಹೆಸರಿನ ಕಾಗುಣಿತ ಮಾತ್ರ ಎಲ್ಲ ದಾಖಲೆಗಳಲ್ಲಿ ಒಂದೇ ಇದೆಯೇ ಎಂದು ಮೊದಲೇ ನೋಡಿಕೊಳ್ಳುವುದು ಒಳ್ಳೆಯದು. ಈ ಕಡೆ ಮಂಜುನಾಥ ಒಂದು ಕಾಗದದಲ್ಲಿ ಮಂಜುನಾಥನ್, ಇನ್ನೊಂದರಲ್ಲಿ ಮಂಜುನಾತ್, ಇನಿಷಿಯಲ್ ಒಮ್ಮೆ ಹಿಂದೆ, ಒಮ್ಮೆ ಮುಂದೆ.

ಅಪ್ಪನ ಹೆಸರು, ಜಾತಿ, ಧರ್ಮ ಬಿಟ್ಟದ್ದಕ್ಕೆ ಮನೆಯಲ್ಲಿ ಆಕ್ಷೇಪ ಬಂತು, ಏನೋ ಅನಾಥ ಹುಡುಗನ ಕಾಗದದ ಹಾಗಿದೆ ಎಂದು. ಕೆಲಸ ಗೊತ್ತಿರುವವನಿಗೆ ಅದು ಬೇಕಿಲ್ಲ ಎಂದಷ್ಟೇ ನನಗೆ ಆಗ ಹೇಳಲು ಬಂದದ್ದು. ಸುಖದೇವ್ ಥೋರಾಟ್ ಮತ್ತು ಪಾಲ್ ಅಟ್ಟೆವೆಲ್ ಅವರ ಅಧ್ಯಯನದ ಬಗ್ಗೆ ಓದಿದ್ದು ಬಹಳ ಆಮೇಲೆ. 2007ರಲ್ಲಿ ಪ್ರಕಟವಾದ ಅದರಲ್ಲಿ, 548 ಜಾಹೀರಾತುಗಳಿಗೆ 4,808 ಅರ್ಜಿಗಳನ್ನು ಕಳಿಸಿದ್ದರು. ವಿದ್ಯೆ ಒಂದೇ ಮಟ್ಟದ್ದು, ಹೆಸರುಗಳು ಮಾತ್ರ ಮೇಲ್ಜಾತಿಯ ಹಿಂದೂಗಳದ್ದು, ದಲಿತರದ್ದು, ಮುಸ್ಲಿಮರದ್ದು. ಮೇಲ್ಜಾತಿಯ ಹೆಸರಿಗೆ ಹೋಲಿಸಿದರೆ ದಲಿತ ಹೆಸರಿನವರಿಗೆ ಕರೆ ಬರುವ ಸಂಭವ ಸುಮಾರು ಮೂರರಲ್ಲಿ ಎರಡು ಪಾಲು, ಮುಸ್ಲಿಂ ಹೆಸರಿನವರಿಗೆ ಮೂರರಲ್ಲಿ ಒಂದು ಪಾಲು. ಅಲ್ಲಿ ಹೆಸರೊಂದೇ ಅಷ್ಟು ಕೆಲಸ ಮಾಡಿತ್ತು. ನಾವು ಅದರ ಕೆಳಗೆ ಜಾತಿ, ಉಪಜಾತಿ ಎಂದು ಪ್ರತ್ಯೇಕ ಸಾಲು ಹಾಕಿ ಕೊಡುತ್ತಿದ್ದೆವು.

ಇಷ್ಟೆಲ್ಲ ಕಲಿತವನು ಓದುವ ಕುರ್ಚಿಯಲ್ಲಿ ಕೂತಾಗ ಏನು ಮಾಡಿದೆ ಎಂಬುದನ್ನೂ ಹೇಳಬೇಕು. ಇದನ್ನು ಬರೆಯಲು ಕೂತದ್ದೇ ಅದಕ್ಕಾಗಿ.

2021ರಿಂದೀಚೆಗೆ ನಮ್ಮ ಕಡೆ ಕೆಲಸದ ನಕ್ಷೆಯೇ ಬದಲಾಯಿತು. ಪೋಚಂಪಳ್ಳಿಯ ಕಡೆ ಓಲಾ ಸ್ಕೂಟರ್ ಕಾರ್ಖಾನೆ, ಹೊಸೂರಿನಲ್ಲಿ ಏಥರ್, ಐಫೋನಿನ ಭಾಗಗಳನ್ನು ಮಾಡುವ ಟಾಟಾ ಎಲೆಕ್ಟ್ರಾನಿಕ್ಸ್. ದೊಡ್ಡವರು ಸಾವಿರಗಟ್ಟಲೆ, ಅದರಲ್ಲೂ ಹೆಣ್ಣುಮಕ್ಕಳನ್ನು, ಕೆಲಸಕ್ಕೆ ಕರೆದುಕೊಳ್ಳತೊಡಗಿದಾಗ ನಮ್ಮಂಥ ವೆಂಡರ್ ಶಾಪುಗಳಿಂದ ಜನ ಹೊರಟರು. ನಾನು ಆಗ ಸೂಪರ್‌ವೈಸರ್. ಆಫೀಸಿನವರು ಬಂದ ಬಯೋಡೇಟಾಗಳ ಕಟ್ಟನ್ನು ನನ್ನ ಮೇಜಿಗೆ ತಂದು, ಇನ್‌ಸ್ಪೆಕ್ಷನ್ನಿಗೆ ಯಾರಾಗಬಹುದು ನೋಡಿ ಎಂದರು. ಶಿಫ್ಟ್ ಬದಲಾಗುವ ಗದ್ದಲ, ಒಂದು ಮಿಷನ್ ಕೆಟ್ಟು ನಿಂತಿದೆ, ಮೆಂಟೆನೆನ್ಸಿನವನು ಫೋನ್ ತೆಗೆಯುತ್ತಿಲ್ಲ. ಒಂದು ಕಾಗದಕ್ಕೆ ನಾನು ಕೊಟ್ಟದ್ದು ಅರ್ಧ ನಿಮಿಷ ಇದ್ದರೆ ಹೆಚ್ಚು. ಬೆರಳು ಮೇಲಿನಿಂದ ಕೆಳಕ್ಕೆ ಜಾರುತ್ತದೆ, ಏನಾದರೂ ಸಿಕ್ಕಿಕೊಂಡರೆ ನಿಲ್ಲುತ್ತದೆ, ಇಲ್ಲದಿದ್ದರೆ ಕಾಗದ ಎಡಗಡೆಯ ಕಟ್ಟಿಗೆ.

ಅಂಚೆಟ್ಟಿ ಕಡೆಯ ಒಬ್ಬ ಹುಡುಗಿಯ ಕಾಗದ ಹಾಗೆ ಎಡಗಡೆಗೆ ಹೋಯಿತು. ಪ್ಲಸ್ ಟೂ ಆದ ಮೇಲೆ ಕೆಲವು ವರ್ಷ ಖಾಲಿ. ಏನೂ ಬರೆದಿರಲಿಲ್ಲ. ಗುರಿ ಇತ್ತು, ಪ್ರಮಾಣ ಇತ್ತು. ಮನೆಯಲ್ಲಿ ಕೂತಿದ್ದಿರಬೇಕು ಎಂದುಕೊಂಡೆ. ಆ ಕಾಗದ ನನ್ನ ಹಳೆಯ ಕಾಗದದಂತೆಯೇ ಇದ್ದದ್ದು ಕಣ್ಣಿಗೆ ಬೀಳಲಿಲ್ಲವೇ ಎಂದರೆ, ಬಿದ್ದಿತ್ತು. ಅದಕ್ಕೇ ಇನ್ನೂ ಬೇಗ ಎಡಗಡೆಗೆ ಹಾಕಿದೆ. ನಾನು ಆ ಹಂತ ದಾಟಿ ಬಂದವನು ಎಂಬ ಜಂಬ ಒಳಗೆಲ್ಲೋ ಕೆಲಸ ಮಾಡಿತ್ತು.

ಕೆಲವು ಕಾಲದ ಮೇಲೆ ನಮ್ಮ ಮಾಲಿನ ಒಂದು ಲಾಟು ಗ್ರಾಹಕರ ಕಡೆಯಿಂದ ತಿರಸ್ಕಾರವಾಗಿ ನಿಂತಿತು. ಮಾತಾಡಿ ಬಿಡಿಸಿಕೊಂಡು ಬಾ ಎಂದು ನನ್ನನ್ನು ಕಳಿಸಿದರು. ಇನ್‌ಕಮಿಂಗ್ ಇನ್‌ಸ್ಪೆಕ್ಷನ್ನಿನಲ್ಲಿ ನಮ್ಮ ಪಿನ್ನುಗಳನ್ನು ಸಾಲಾಗಿ ಜೋಡಿಸಿಟ್ಟುಕೊಂಡು ನಿಂತಿದ್ದವಳು ಅಂಚೆಟ್ಟಿಯ ಆ ಹುಡುಗಿಯೇ. ಹೆಸರು, ಊರು ಕೇಳಿದಾಗ ನೆನಪಾಯಿತು. ಅವಳಿಗೆ ನಾನು ಯಾರೆಂದು ಗೊತ್ತಿರಲು ಸಾಧ್ಯವಿಲ್ಲ. ಪಿನ್ನಿನ ಒಂದು ಬದಿಯ ಛೇಂಫರಿನಲ್ಲಿ, ಅಂದರೆ ಓರೆ ಅಂಚಿನಲ್ಲಿ, ಲೋಹದ ಸಣ್ಣ ಮುಳ್ಳಿನಂಥ ಬರ್ರ್ ಉಳಿದಿತ್ತು. ನಮ್ಮ ಕಡೆ ಇಬ್ಬರು ನೋಡಿ ಬಿಟ್ಟದ್ದನ್ನು ಅವಳು ಬೆರಳಲ್ಲಿ ಸವರಿ ಹಿಡಿದಿದ್ದಳು.

“ಇಷ್ಟು ಚೆನ್ನಾಗಿ ನೋಡೋದು ಎಲ್ಲಿ ಕಲಿತಮ್ಮಾ?” ಎಂದೆ. ನನ್ನನ್ನು ಹಿಂದೆ ಕೇಳಿದ್ದ ಪ್ರಶ್ನೆಯನ್ನೇ ಕೇಳುತ್ತಿದ್ದೇನೆಂದು ಆ ಹೊತ್ತಿಗೆ ಹೊಳೆದಿರಲಿಲ್ಲ.

“ರೋಜಾ ತೋಟದಲ್ಲಿ ಅಣ್ಣಾ. ಗ್ರೇಡಿಂಗ್ ಮಾಡ್ತಿದ್ದೆ.”

ಹೊಸೂರಿನ ಸುತ್ತಲಿನ ಪಾಲಿಹೌಸುಗಳಿಂದ ಫೆಬ್ರವರಿಯ ಪ್ರೇಮಿಗಳ ದಿನಕ್ಕೆ ವಿದೇಶಕ್ಕೆ ಗುಲಾಬಿ ಹೋಗುತ್ತದಲ್ಲ, ಅಲ್ಲಿ. ಕಡ್ಡಿಯ ಉದ್ದ 40, 50, 60 ಸೆಂಟಿಮೀಟರ್ ಎಂದು ಬೇರೆ ಮಾಡಬೇಕು, ಮೊಗ್ಗು ಎಷ್ಟು ಬಿಚ್ಚಿದೆ ನೋಡಬೇಕು, ಎಲೆಯ ಮೇಲಿನ ಚುಕ್ಕೆ, ಬಗ್ಗಿದ ಕತ್ತು, ಎಸಳಿನ ಅಂಚಿನ ಕಪ್ಪು ಎಲ್ಲವನ್ನೂ ಹೂವು ಕೈ ದಾಟುವಷ್ಟರಲ್ಲಿ ಹಿಡಿಯಬೇಕು, ಕಟ್ಟಿಗೆ ಎಣಿಕೆ ತಪ್ಪಬಾರದು. ಒಂದು ಕೆಟ್ಟ ಹೂವಿದ್ದರೆ ಕಟ್ಟೇ ವಾಪಸು. ನಾವು ಇನ್‌ಸ್ಪೆಕ್ಟರ್ ಎಂದು ಹುಡುಕುತ್ತಿದ್ದದ್ದು ಇಂಥ ಕಣ್ಣು ಇರುವವರನ್ನೇ. ತೋಟದ ಕೂಲಿ ಎಂದು ಅವಳು ಬರೆಯದೆ ಬಿಟ್ಟಿದ್ದಳು. ಬರೆಯದ್ದನ್ನು ನಾನು ಕೇಳದೆ ಬಿಟ್ಟಿದ್ದೆ.

ಆ ಲಾಟನ್ನು ಅವಳು ಬಿಡಲಿಲ್ಲ. ನಾವು ಹುಡುಗರನ್ನು ಕರೆದೊಯ್ದು ಅಲ್ಲೇ ಕೂತು ಒಂದೊಂದೇ ಪಿನ್ನಿನ ಬರ್ರ್ ತೆಗೆಸಿದೆವು. ಖಾಲಿ ವರ್ಷ ಕಂಡ ಕಾಗದಗಳನ್ನು ಈಗ ಬೇರೆ ಇಟ್ಟುಕೊಂಡು ಫೋನ್ ಮಾಡುತ್ತೇನೆ. ಒಬ್ಬ ಮಾವಿನ ತಿರುಳಿನ ಕಾರ್ಖಾನೆಯಲ್ಲಿ ಸೀಸನ್ನಿನ ಬಾಯ್ಲರ್ ಸಹಾಯಕನಾಗಿದ್ದ, ಒಬ್ಬಳು ಚಿಕ್ಕಪ್ಪನ ಅಂಗಡಿಯ ಲೆಕ್ಕ ಬರೆಯುತ್ತಿದ್ದಳು, ಒಬ್ಬ ನಿಜವಾಗಿಯೂ ಮನೆಯಲ್ಲೇ ಕೂತಿದ್ದ.

ಈಗಿನ ಮಕ್ಕಳಿಗೆ ಡಿಟಿಪಿ ಅಂಗಡಿ ಬೇಕಿಲ್ಲ. 2022ರಲ್ಲಿ ಶುರುವಾದ ತಮಿಳುನಾಡು ಸರ್ಕಾರದ ‘ನಾನ್ ಮುದಲ್ವನ್’ ಯೋಜನೆಯಲ್ಲಿ ಕಾಲೇಜಿನಲ್ಲೇ ಕೌಶಲ ತರಬೇತಿ ಸಿಗುತ್ತದೆ, ಫೋನಿನಲ್ಲಿ ಆ್ಯಪ್ ಇದೆ, ಎಐ ಇದೆ. ಬರುವ ಕಾಗದಗಳು ನೋಡಲು ಚೆಂದ: ಎರಡು ಅಂಕಣ, ಬಣ್ಣದ ಪಟ್ಟಿ, ಕೌಶಲಕ್ಕೆ ಐದರಲ್ಲಿ ನಾಲ್ಕು ನಕ್ಷತ್ರ. ನಾಲ್ಕು ನಕ್ಷತ್ರದ ವೆಲ್ಡಿಂಗ್ ಎಂದರೆ ಏನು ಎಂದು ಯಾರಾದರೂ ನನಗೆ ಹೇಳಬೇಕು. ಆರ್ಕಾ, ಮಿಗ್ಗಾ, ಎಷ್ಟು ದಪ್ಪದ ತಗಡು, ಯಾವ ಪೊಸಿಷನ್ ಎಂದು ಬರೆದರೆ ಒಂದೇ ಸಾಲು ಸಾಕು. ಗುರಿಯ ವಾಕ್ಯ ಮಾತ್ರ ಇನ್ನೂ ಸತ್ತಿಲ್ಲ, ವ್ಯಾಕರಣ ಸರಿಹೋಗಿದೆ ಅಷ್ಟೆ.

ನನಗೆ ಹೆಚ್ಚು ಕಷ್ಟ ಕೊಟ್ಟದ್ದು ಹೊಸಬರ ಕಾಗದಗಳಲ್ಲ, ನಡುವಯಸ್ಸಿನವರದ್ದು. 2019ರಲ್ಲಿ ವಾಹನಗಳ ಮಾರಾಟ ಕುಸಿದು ಹೊಸೂರಿನ ಕಾರ್ಖಾನೆಗಳು ಕೆಲಸವಿಲ್ಲದ ದಿನಗಳನ್ನು ಘೋಷಿಸಿದವು, ಅದರ ಹಿಂದೆಯೇ ಲಾಕ್‌ಡೌನ್. ಮೊದಲು ಹೊರಗೆ ಬಿದ್ದವರು ಗುತ್ತಿಗೆಯವರು. ನಮ್ಮೂರಿನ ಒಬ್ಬ ಅಣ್ಣ ಹಾಗೆ ಹೊರಬಿದ್ದು ಬಹಳ ದಿನ ಸಿಕ್ಕ ಸಿಕ್ಕ ಕೆಲಸ ಮಾಡಿಕೊಂಡಿದ್ದವರು ನನ್ನ ಹತ್ತಿರ ಬಂದರು. ಒಂದು ದೊಡ್ಡ ಕಾರ್ಖಾನೆಯ ಅಸೆಂಬ್ಲಿ ಲೈನಿನಲ್ಲಿ ವರ್ಷಗಟ್ಟಲೆ ದುಡಿದವರು. ಬಯೋಡೇಟಾದಲ್ಲಿ ತಾವು ಆ ಕಾರ್ಖಾನೆಯ ನೌಕರರು ಎಂದೇ ಬರೆದಿದ್ದರು. ಅವರ ಮನಸ್ಸಿಗೆ ಅದು ಸುಳ್ಳೇ ಅಲ್ಲ. ಯೂನಿಫಾರ್ಮು ಅದರದ್ದು, ಬಸ್ಸು ಅದರದ್ದು, ಊಟ ಅಲ್ಲಿಯದು. ಆದರೆ ಪಿಎಫ್ ಪಾಸ್‌ಬುಕ್ಕಿನಲ್ಲಿ ಇದ್ದದ್ದು ಒಬ್ಬರಾದ ಮೇಲೊಬ್ಬರು ಬದಲಾದ ಗುತ್ತಿಗೆದಾರರ ಹೆಸರು. 2014ರಲ್ಲಿ ಪಿಎಫ್‌ಗೆ ಯುಎಎನ್ ಎಂಬ ಒಂದೇ ನಂಬರ್ ಬಂದ ಮೇಲೆ ಹಳೆಯ ಕೆಲಸಗಳೆಲ್ಲ ಒಂದೇ ಕಡೆ ಕಾಣಿಸುತ್ತವೆ, ಪರಿಶೀಲಿಸುವವರು ಮೊದಲು ನೋಡುವುದು ಅದನ್ನೇ. ಕಾಗದ ಒಂದು ಹೇಳುತ್ತದೆ, ಪಾಸ್‌ಬುಕ್ ಇನ್ನೊಂದು ಹೇಳುತ್ತದೆ, ಇಂಟರ್‌ವ್ಯೂ ಆದ ಮೇಲೂ ಕರೆ ನಿಂತುಹೋಗುತ್ತಿತ್ತು. ಯಾಕೆಂದು ಅವರಿಗೆ ಯಾರೂ ಹೇಳಿರಲಿಲ್ಲ.

ಇಬ್ಬರೂ ಕೂತು ಪಾಸ್‌ಬುಕ್ ಎದುರಿಗಿಟ್ಟುಕೊಂಡು ಬರೆದೆವು. ಇಂಥ ತಿಂಗಳಿಂದ ಇಂಥ ತಿಂಗಳವರೆಗೆ ಇಂಥ ಗುತ್ತಿಗೆದಾರರ ಮೂಲಕ, ಇಂಥ ಕಾರ್ಖಾನೆಯ ಇಂಥ ಲೈನಿನಲ್ಲಿ, ಈ ಕೆಲಸ. ಗುತ್ತಿಗೆದಾರ ಬದಲಾದರೂ ಲೈನು ಬದಲಾಗಿಲ್ಲ ಎಂಬುದೂ ಒಂದು ಸಾಲಾಯಿತು. ಅವರಿಗೆ ಸಮಾಧಾನವಿಲ್ಲ.

“ಗುತ್ತಿಗೆ ಅಂತ ಬರೆದ್ರೆ ಮರ್ಯಾದೆ ಓಗಲ್ವೇನಪ್ಪಾ?”

“ಅವ್ರಿಗೆ ಮೊದಲೇ ಗೊತ್ತಿರ್ತದೆ ಅಣ್ಣಾ. ನೀವು ಹೇಳ್ತೀರಾ ಇಲ್ವಾ ಅಂತ ನೋಡ್ತಾರೆ.”

ಹೊಸ ಹುಡುಗರಿಗೆ ಟಾರ್ಕ್ ರೆಂಚ್ ಹಿಡಿಯಲು ಕಲಿಸುತ್ತಿದ್ದದ್ದು ತಾವೇ ಎಂದು ಅವರು ಮಾತಿನ ಮಧ್ಯೆ ಹೇಳಿದರು, ಬರೆಯಲು ಏನೂ ಇಲ್ಲ ಎನ್ನುವ ದನಿಯಲ್ಲಿ. ಅದನ್ನು ಎಲ್ಲಕ್ಕಿಂತ ಮೇಲೆ ಹಾಕಿದೆವು. ಶೂಲಗಿರಿ ಕಡೆಯ ಒಂದು ಕಾರ್ಖಾನೆಗೆ ಕಳಿಸಿದರು. ಅದರ ಫಾರಂನಲ್ಲಿ ನಿರೀಕ್ಷಿಸುವ ಸಂಬಳ ಎಂಬ ಕಾಲಂ ಇತ್ತು. ಖಾಲಿ ಬಿಡಿ, ಎದುರಿಗೆ ಕೇಳಿದಾಗ ಹೇಳಿದರಾಯಿತು ಎಂದೆ. ಅವರು ನನ್ನ ಮಾತು ಕೇಳದೆ ಒಂದು ಮೊತ್ತ ಬರೆದು ಕೊಟ್ಟಿದ್ದರು. ಆಮೇಲೆ ಅವರ ಬಾಯಲ್ಲಿ ಆ ಮೊತ್ತ ಕೇಳಿ ನಾನು ಗಾಬರಿಯಾದೆ. ಕಾರ್ಖಾನೆಯವರು ಸ್ವಲ್ಪ ಚೌಕಾಸಿ ಮಾಡಿ ಹತ್ತಿರ ಹತ್ತಿರ ಅಷ್ಟಕ್ಕೇ ಒಪ್ಪಿದರಂತೆ. ನಾನು ನನ್ನ ಸಂಬಳ ಕೇಳುವಾಗ ಅಷ್ಟು ಬರೆಯುವ ಧೈರ್ಯವನ್ನು ಇದುವರೆಗೂ ಮಾಡಿಲ್ಲ.